ಇಂಗ್ಲಿಷ್ ಅಭ್ಯಾಸಕ್ಕೆ ಕನ್ನಡವೇ ಮೆಟ್ಟಿಲು

ಇಂಗ್ಲಿಷ್ ಪರೀಕ್ಷೆಯಲ್ಲಿ ಹಿಂದೆ ಬೀಳುವ ಬಾಲಕನನ್ನು ಮಂದಮತಿಯೆಂದು ಬಗೆಯುವುದು ಅನ್ಯಾಯ. ಅವನ ತಪ್ಪುಗಳಲ್ಲಿ ಅನೇಕವು ತಾಯ್ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದುದರ ಫಲವೇ ಆಗಿರುತ್ತವೆ.

ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ಮಕ್ಕಿಂತ ಮುಂಚೆ ನಿಲ್ಲುತ್ತದೆ. ನಮ್ಮ ‘ಅಲ್ಲಿ’ ಎಂಬ ಒಂದೇ ಸಪ್ತಮೀ ಪ್ರತ್ಯಯದ ಸ್ಥಾನದಲ್ಲಿ ಇಂಗ್ಲಿಷ್ ಹಲವು ಪದಗಳನ್ನು ಬಳಸುತ್ತದೆ. ಪೆಟ್ಟಿಗೆಯಲ್ಲಿ ಎಂಬುದಕ್ಕೆ ‘ಇನ್ ದಿ ಬಾಕ್ಸ್’, ಹತ್ತನೆಯ ಪುಟದಲ್ಲಿ ಎಂಬುದಕ್ಕೆ ‘ಆನ್ ಪೇಜ್ ಟೆನ್’, ಮನೆಯಲ್ಲಿ ಎಂಬುದಕ್ಕೆ ‘ಆಟ್ ಹೋಮ್’.

ಶಬ್ದಸಂಗ್ರಹದ ಮಾತೂ ಹೀಗೆಯೇ. ಗುರುಗಳನ್ನು ಪ್ರಶ್ನೆ ಕೇಳುವುದು ‘ಆಸ್ಕ್’, ಗಂಟೆಯ ಸದ್ದು ಕೇಳುವುದು ‘ಹಿಯರ್’, ಪಾಠವನ್ನು ಗಮನವಿಟ್ಟು ಕೇಳುವುದು ‘ಲಿಸನ್’. ಆದುದರಿಂದ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಪ್ರತಿಯೊಂದನ್ನೂ ವಾಕ್ಯದೊಡನೆ ಕಲಿಯಬೇಕು.

ವಿದ್ಯಾರ್ಥಿಯು ದಿನಕ್ಕೆ 5 ಕನ್ನಡ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯಲಿ. ಉಪಾಧ್ಯಾಯರು ತಪ್ಪಿಗೆ ಕೆಂಪು ಗೆರೆ ಎಳೆದು ಬಿಡದೆ, ಕನ್ನಡದ ಯಾವ ರೂಢಿಯಿಂದ ಅದು ಬಂದಿತೆಂಬುದನ್ನೂ ತಿಳಿಸಲಿ. ತಿದ್ದಿದ ವಾಕ್ಯವನ್ನು ಮರುದಿನ ನೋಡದೆ ಬರೆಯಿಸಲಿ. ಪರೀಕ್ಷೆಯ ಮುನ್ನಾದಿನ ಓದಲು ಆ ತಿದ್ದುಪಡಿಯ ಪುಸ್ತಕಕ್ಕಿಂತ ಮಿಗಿಲಾದ ಕೈಪಿಡಿಯಿಲ್ಲ. ತನ್ನ ತಪ್ಪಿನ ಕಾರಣವನ್ನರಿತ ಬಾಲಕನಿಗೆ ಇಂಗ್ಲಿಷಿನ ಅಂಜಿಕೆ ತಾನಾಗಿಯೇ ಕಡಿಮೆಯಾಗುತ್ತದೆ.