ಹಿಡಿದ ಹಲ್ಲು ಬಿಡದಿದ್ದರೆ

ಮೋಟಾರು ಕಾರಿನ ಎಂಜಿನ್ನು ತಾನಾಗಿಯೇ ಎಚ್ಚೆತ್ತುಕೊಳ್ಳಲಾರದು. ಮೊದಲ ಕೆಲವು ಸುತ್ತುಗಳನ್ನು ಬೇರೊಬ್ಬರು ತಿರುಗಿಸಿಕೊಟ್ಟರೆ ಮಾತ್ರ ಅದು ಸ್ವಂತ ಬಲದಿಂದ ನಡೆಯತೊಡಗುತ್ತದೆ. ಒಂದು ಕಾಲಕ್ಕೆ ಈ ಸೇವೆ ಮನುಷ್ಯನ ತೋಳಿನ ಪಾಲಿಗೆ ಬಿದ್ದಿತ್ತು. ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ಸುತ್ತುವಾಗ ಎಂಜಿನ್ನು ಹಿಮ್ಮುಖವಾಗಿ ಒದ್ದು, ಮಣಿಕಟ್ಟು ಮುರಿದುಕೊಂಡವರು ಕಡಮೆಯೇನಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳೊಡನೆ ಬಳಕೆಗೆ ಬಂದಿತು. ತೋಳಿನ ಕೆಲಸವನ್ನು ಪುಟ್ಟದೊಂದು ಮೋಟಾರು ವಹಿಸಿಕೊಂಡಿತು.

ಈ ಮೋಟಾರಿನ ಕರ್ತವ್ಯ ಎರಡು: ಸಮಯವರಿತು ಒಳಹೊಗಬೇಕು, ಸಮಯವರಿತು ಹೊರಬರಬೇಕು. ಚಕ್ರವ್ಯೂಹವನ್ನು ಹೊಗಬಲ್ಲವನಾಗಿದ್ದು, ಹೊರಬರುವ ದಾರಿಯನ್ನರಿಯದ ಅಭಿಮನ್ಯುವಿನ ಗತಿ ಸ್ಟಾರ್ಟರಿಗೂ ಒಮ್ಮೊಮ್ಮೆ ಒದಗುತ್ತದೆ. ಆಗ ಹಾಳಾಗುವುದು ಅದೊಂದೇ ಅಲ್ಲ. ತಂತಿಗಳು ಕಾಯ್ದು ಹೊಗೆಯಾಡಬಹುದು, ಬೆಂಕಿಯೂ ಹೊತ್ತಬಹುದು. ಆದುದರಿಂದ ಕಾರಿರುವ ಪ್ರತಿಯೊಂದು ಮನೆಯವರೂ ಈ ರೋಗದ ಲಕ್ಷಣವನ್ನೂ ಪ್ರಥಮ ಚಿಕಿತ್ಸೆಯನ್ನೂ ಅರಿತಿರುವುದು ಮೇಲು.

ಒಳಗೆ ನಡೆಯುವುದೇನು?

ಎಂಜಿನ್ನಿಗೆ ಅಂಟಿಕೊಂಡು ತಿರುಗುವ ಭಾರವಾದ ಫ್ಲೈವೀಲಿನ ಅಂಚಿಗೆ ನೂರಕ್ಕೂ ಹೆಚ್ಚು ಹಲ್ಲುಗಳ ಬಳೆಯೊಂದಿರುತ್ತದೆ. ಸ್ಟಾರ್ಟರಿನ ತುದಿಯಲ್ಲಿರುವ ಪಿನಿಯನ್ ಎಂಬ ಪುಟ್ಟ ಚಕ್ರಕ್ಕೆ ಸುಮಾರು ಹತ್ತೇ ಹಲ್ಲು. ಕೀಲಿಕೈಯನ್ನು ತಿರುಗಿಸಿದೊಡನೆ ಸಾಲೆನಾಯ್ಡ್ ಎಂಬ ವಿದ್ಯುದಯಸ್ಕಾಂತವು ಸನ್ನೆಗೋಲಿನ ಮೂಲಕ ಪಿನಿಯನ್ನನ್ನು ಮುಂದಕ್ಕೆ ನೂಕಿ ಬಳೆಯ ಹಲ್ಲುಗಳೊಡನೆ ಕೂಡಿಸುತ್ತದೆ; ಅದೇ ಏಟಿಗೆ ತನ್ನೊಳಗಿನ ತಾಮ್ರದ ಬಿಲ್ಲೆಯಿಂದ ಬ್ಯಾಟರಿಯ ಪ್ರವಾಹವನ್ನು ಮೋಟಾರಿಗೆ ಹರಿಯಗೊಡುತ್ತದೆ. ಕಾರಿನ ಮುಂದೀಪವೊಂದಕ್ಕೆ ಐದು ಆಂಪಿಯರ್ ಸಾಕಾದರೆ, ಸ್ಟಾರ್ಟರು ನೂರು, ಇನ್ನೂರು ಆಂಪಿಯರನ್ನು ನುಂಗುತ್ತದೆ. ಕೀಲಿಕೈ ಹಿಂದೆ ಸರಿದಾಗ ಅಯಸ್ಕಾಂತದ ಬಲ ಉಡುಗಿ, ಸ್ಪ್ರಿಂಗು ಪಿನಿಯನ್ನನ್ನು ಸ್ವಸ್ಥಾನಕ್ಕೆ ಎಳೆದುಕೊಳ್ಳಬೇಕು.

ಎಳೆದುಕೊಳ್ಳದಿದ್ದರೆ? ಈಗ ಪಾತ್ರಗಳು ಅದಲುಬದಲಾಗುತ್ತವೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿನಿಯನ್ನು 30,000ಕ್ಕೂ ಮಿಗಿಲಾಗಿ ತಿರುಗಬೇಕಾಗುತ್ತದೆ. ಒಮ್ಮುಖವಾಗಿ ಮಾತ್ರ ಹಿಡಿಯುವ ಕ್ಲಚ್ಚೊಂದು ನಡುವೆ ನಿಂತು ಈ ವೇಗ ಮೋಟಾರಿಗೆ ತಗುಲದಂತೆ ಕಾಯುತ್ತದೆ, ದಿಟ. ಆದರೆ ಅದು ಕ್ಷಣಕಾಲದ ಕಾವಲುಗಾರ. ಅದೂ ಸವೆದು ಸೋತರೆ ಮೋಟಾರಿನ ತಂತಿಸುರುಳಿಗಳು ಕಿತ್ತುಬರುತ್ತವೆ.

ಮೊದಲು ಮಾಡಬೇಕಾದುದು

ಎಂಜಿನ್ನು ಹೊರಟ ಮೇಲೂ ಕರ್ಕಶವಾದ ಕೂಗು ಕೇಳಿಬಂದರೆ, ಕೂಡಲೇ ಎಂಜಿನ್ನನ್ನು ನಿಲ್ಲಿಸಬೇಕು. ಕೀಲಿಕೈಯನ್ನು ಹೊರತೆಗೆದ ಬಳಿಕವೂ ಸ್ಟಾರ್ಟರು ಗರಗರನೆ ತಿರುಗುತ್ತಲೇ ಇದ್ದರೆ ಗೇರನ್ನು ನ್ಯೂಟ್ರಲಿಗೆ ತಂದು, ಕೈಬ್ರೇಕನ್ನೆಳೆದು, ಬಾನೆಟ್ಟನ್ನು ಎತ್ತಿ, ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಕಳಚುವಾಗ ಕಿಡಿ ಹಾರುವುದುಂಟು. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಾಗಬಾರದಾದ್ದರಿಂದ ಮುಖವನ್ನು ದೂರವಿಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಹೊಂದುವ ಸ್ಪ್ಯಾನರೊಂದು ಕಾರಿನಲ್ಲಿ ಸದಾ ಇದ್ದರೆ, ಅದರ ಬೆಲೆ ಅಂದು ತಿಳಿಯುತ್ತದೆ.

ಬಿಡದಿರುವುದು ಯಾವುದು?

ಅಪಾಯ ಕಳೆದ ಮೇಲೆ ನಿದಾನ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬಿಡದಿರುವುದು ವಿದ್ಯುತ್ತೋ, ಹಲ್ಲೋ? ಕೀಲಿಕೈ ಹಿಂದೆ ಸರಿದರೂ ಮೋಟಾರು ತನ್ನ ಬಲದಿಂದ ತಿರುಗುತ್ತಿದ್ದರೆ ದೋಷ ವಿದ್ಯುತ್ತಿನದು. ಬ್ಯಾಟರಿಯನ್ನು ಕಳಚಿದ ಕೂಡಲೇ ಅದು ಮೌನವಾಗುವುದೇ ಸಾಕ್ಷಿ. ಪ್ರವಾಹ ನಿಂತಿದ್ದರೂ ಎಂಜಿನ್ನಿನ ವೇಗದೊಡನೆ ಕೂಗು ಏರುತ್ತ ಇಳಿಯುತ್ತ ಬಂದರೆ ದೋಷ ಹಲ್ಲಿನದು, ಇಲ್ಲವೆ ಸ್ಪ್ರಿಂಗಿನದು.

ವಿದ್ಯುತ್ತಿನ ದೋಷವೆಂದಾದರೆ ಎರಡನೆಯ ಪರೀಕ್ಷೆ. ಬ್ಯಾಟರಿ ಕಳಚಿದ್ದಂತೆಯೇ, ಸಾಲೆನಾಯ್ಡಿಗೆ ಸ್ವಿಚ್ಚಿನ ಕಡೆಯಿಂದ ಬರುವ ಸಣ್ಣ ತಂತಿಯನ್ನು ಬಿಚ್ಚಿ, ಅದರ ತುದಿ ಎಲ್ಲಿಯೂ ತಾಗದಂತೆ ಇಡಬೇಕು. ಚಕ್ರಗಳಿಗೆ ಕಲ್ಲು ಕೊಡಬೇಕು. ಗೇರು ನ್ಯೂಟ್ರಲಿನಲ್ಲಿದೆಯೆಂದು ಮತ್ತೊಮ್ಮೆ ನೋಡಬೇಕು. ಮರೆತು ಗೇರಿನಲ್ಲಿ ಬಿಟ್ಟರೆ ಸ್ಟಾರ್ಟರೇ ಕಾರನ್ನು ಮುಂದಕ್ಕೆ ನೂಕಿ, ಎದುರು ನಿಂತವರ ಮೇಲೆ ಹಾಯಿಸಬಲ್ಲದು. ಬಳಿಕ ಋಣ ತಂತಿಯನ್ನು ಬ್ಯಾಟರಿಗೆ ಒಂದು ಕ್ಷಣ ಮಾತ್ರ ತಾಗಿಸಬೇಕು. ಸಣ್ಣ ತಂತಿ ಇಲ್ಲದೆಯೂ ಮೋಟಾರು ತಿರುಗಿದರೆ, ಸಾಲೆನಾಯ್ಡಿನೊಳಗಿನ ತಾಮ್ರದ ಬಿಲ್ಲೆ ಬೆಸೆದುಕೊಂಡಿದೆಯೆಂದು ತೀರ್ಮಾನಿಸಬಹುದು.

ತಿರುಗದಿದ್ದರೆ ಸಾಲೆನಾಯ್ಡಿನ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು. ಬ್ಯಾಟರಿಯನ್ನು ಜೋಡಿಸಿ, ಸಣ್ಣ ತಂತಿಯ ತುದಿಗೂ ಕಾರಿನ ಬಾಡಿಗೂ ನಡುವೆ 12 ವೋಲ್ಟಿನ ಪುಟ್ಟ ಬಲ್ಬನ್ನು ಹಿಡಿದು ನೋಡಬೇಕು. ಕೀಲಿಕೈ ಹೊರಗಿದ್ದರೂ ಬಲ್ಬು ಬೆಳಗಿದರೆ ಅಪರಾಧಿ ಮೇಲೆಲ್ಲೋ ಇದ್ದಾನೆ: ಅಂಟಿಕೊಂಡ ರಿಲೇ, ಸವೆದ ಇಗ್ನಿಷನ್ ಸ್ವಿಚ್ಚು, ಅಥವಾ ಹೊದಿಕೆ ಹರಿದು ಬೇರೊಂದಕ್ಕೆ ತಾಗಿರುವ ತಂತಿ. ಕೀಲಿಕೈಯನ್ನು ಬಿಟ್ಟಾಗ ಅದು ತಾನಾಗಿ ಹಿಂದಕ್ಕೆ ಬಾರದೆ, ಬೆರಳಿನಿಂದ ತಿರುಗಿಸಿದಾಗ ಮಾತ್ರ ಸ್ಟಾರ್ಟರು ನಿಲ್ಲುವುದಾದರೆ, ಬಲ್ಬಿನ ನೆರವೂ ಬೇಡ. ಸ್ವಿಚ್ಚಿನ ಸ್ಪ್ರಿಂಗು ಸೋತಿದೆ.

ಹಲ್ಲಿನ ದೋಷವೆಂದಾದರೆ ಸ್ಟಾರ್ಟರನ್ನು ಬಿಚ್ಚಿ ಕಣ್ಣಾರೆ ನೋಡುವುದೇ ದಾರಿ. ಸಡಿಲಗೊಂಡ ಬೋಲ್ಟುಗಳು, ಸವೆದ ಬುಷ್ಷು, ಸೋತ ಸ್ಪ್ರಿಂಗು, ಧೂಳಿನೊಡನೆ ಬೆರೆತು ಅರಗಿನಂತಾದ ಗ್ರೀಸು, ಇವೇ ಸಾಮಾನ್ಯ ಕಾರಣಗಳು. ಬಳೆಯ ಹಲ್ಲುಗಳನ್ನೂ ಸುತ್ತಲೂ ಪರೀಕ್ಷಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಲ್ಲುವಾಗ ಪ್ರಾಯಶಃ ಒಂದೆರಡು ನಿಯತ ಸ್ಥಾನಗಳಲ್ಲಿಯೇ ನಿಲ್ಲುತ್ತದೆ. ಆದುದರಿಂದ ಬಳೆ ಸವೆಯುವುದೂ ಆ ಜಾಗಗಳಲ್ಲಿಯೇ.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರುಗಳ ಪೈಕಿ ಹಳೆಯವುಗಳ ಬಗೆ ಬೇರೆ. ಅವುಗಳಲ್ಲಿ ಪಿನಿಯನ್ನನ್ನು ನೂಕುವ ಸನ್ನೆಗೋಲಿಲ್ಲ. ತಿರುಪಿನ ಮೇಲೆ ನಟ್ಟು ಸರಿಯುವಂತೆ ಮೋಟಾರಿನ ವೇಗಕ್ಕೆ ಅದು ತಾನೇ ಮುಂದೆ ಸರಿಯುತ್ತದೆ, ಎಂಜಿನ್ನು ಹೊರಟಾಗ ಹಿಂದೆ ಸರಿಯುತ್ತದೆ. ಹಲ್ಲು ಕಚ್ಚಿಕೊಂಡರೆ 'ಟಕ್' ಎಂಬ ಒಂದೇ ಸದ್ದು, ದೀಪಗಳು ಮಂಕಾಗುತ್ತವೆ. ಆಗ ಇಗ್ನಿಷನ್ನನ್ನು ಆರಿಸಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದಕ್ಕೂ ಮುಂದಕ್ಕೂ ತೂಗಿದರೆ ಹಲ್ಲು ಬಿಟ್ಟುಕೊಳ್ಳುತ್ತದೆ. ಈ ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಡಬೇಕು. ಎಣ್ಣೆ ಹಚ್ಚಿ ಉಪಕಾರ ಮಾಡಹೋದರೆ ಧೂಳು ಮೆತ್ತಿ ಅಪಕಾರವಾಗುತ್ತದೆ.

ರೋಗದ ಮೂಲ

ಬಿಲ್ಲೆ ಬೆಸೆದುಕೊಂಡಿತೆಂದು ಹೊಸ ಸಾಲೆನಾಯ್ಡನ್ನು ಹಾಕಿಸಿ ಮನೆಗೆ ಬಂದವರು ಕೆಲವು ತಿಂಗಳಿಗೆ ಮತ್ತೆ ಅದೇ ಬಾಗಿಲಿಗೆ ಹೋಗುವುದುಂಟು. ಬಹಳ ಸಲ ಮೂಲದೋಷ ಬ್ಯಾಟರಿಯಲ್ಲಿರುತ್ತದೆ. ಅದು ಬಲಗುಂದಿದಾಗ ಅಯಸ್ಕಾಂತ ಬಿಲ್ಲೆಯನ್ನು ಬಿಗಿಯಾಗಿ ಒತ್ತಿಹಿಡಿಯಲಾರದೆ ನಡುಗುತ್ತದೆ, ನಡುಗಿದಲ್ಲಿ ಕಿಡಿಯೇಳುತ್ತದೆ, ಕಿಡಿಗೆ ತಾಮ್ರ ಕರಗಿ ಅಂಟುತ್ತದೆ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಬೇಕು. ಸ್ಟಾರ್ಟರು ತಿರುಗುವಾಗಲೂ 9.6ಕ್ಕಿಂತ ಕೆಳಗಿಳಿಯಬಾರದು. ತುಕ್ಕು ಹಿಡಿದ ತಂತಿತುದಿಗಳೂ ಇದೇ ಕೇಡನ್ನು ತರುತ್ತವೆ. ಎಂಜಿನ್ನು ಹೊರಡದಿದ್ದಾಗ ಹಟದಿಂದ ಕೀಲಿಕೈಯನ್ನು ಹಿಡಿದೇ ಇರುವ ಅಭ್ಯಾಸವೂ ಸಲ್ಲದು. ಒಮ್ಮೆಗೆ ಹತ್ತು ಸೆಕೆಂಡು ಸಾಕು. ಬಳಿಕ ಮೋಟಾರು ತಣಿಯಲು ಬಿಡಬೇಕು.

ಗುಂಡಿಯೊತ್ತಿದರೆ ಹೊರಡುವ ಇಂದಿನ ಕಾರುಗಳಲ್ಲಿ ಯಾವಾಗ ಬಿಡಬೇಕೆಂಬುದನ್ನು ಗಣಕವೇ ನಿರ್ಧರಿಸುತ್ತದೆ. ಆದರೆ ಅದರ ಅಪ್ಪಣೆಯನ್ನು ನಡೆಸುವುದು ರಿಲೇ ಮತ್ತು ತಾಮ್ರದ ಬಿಲ್ಲೆಗಳೇ. ಅವು ಅಂಟಿಕೊಂಡರೆ ಗಣಕದ ಮಾತೂ ನಡೆಯದು. ಆದುದರಿಂದ ಕಾರು ಹಳೆಯದಿರಲಿ, ಹೊಸದಿರಲಿ, 'ಸ್ಟಾರ್ಟರು ಕೆಟ್ಟಿದೆ' ಎಂದಷ್ಟೇ ಹೇಳಿ ಮೆಕ್ಯಾನಿಕನಿಗೆ ಒಪ್ಪಿಸಬಾರದು. ಕೀಲಿಕೈ ತೆಗೆದ ಮೇಲೂ ತಿರುಗಿತೇ, ಸಣ್ಣ ತಂತಿ ಬಿಚ್ಚಿದಾಗ ನಿಂತಿತೇ, ಬ್ಯಾಟರಿಯ ವೋಲ್ಟೆಷ್ಟು ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಅವನ ಕೈಗಿತ್ತರೆ, ಇಡೀ ಸ್ಟಾರ್ಟರಿನ ಬೆಲೆ ತೆರಬೇಕಾದಲ್ಲಿ ರಿಲೇ ಒಂದರ ಬೆಲೆಗೇ ಕೆಲಸ ಮುಗಿದೀತು.