ಛತ್ರೀಭಟನ ಶಿರಸ್ತ್ರಾಣ: ಕಾಲನಿರ್ಣಯದ ಒಂದು ವಿದ್ಯೆ

ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಧುಮುಕಿ ರಣಭೂಮಿಗಿಳಿದ ಅಮೆರಿಕದ ಛತ್ರೀಭಟರು ಧರಿಸುತ್ತಿದ್ದ ಉಕ್ಕಿನ ಶಿರಸ್ತ್ರಾಣಗಳನ್ನು ಇಂದು ಸಂಗ್ರಾಹಕರು ಬಹು ಆದರದಿಂದ ಅರಸುತ್ತಾರೆ; ಆದರೆ ಆ ಉಕ್ಕಿನ ಚಿಪ್ಪಿನ ಮೇಲೆ ತಯಾರಾದ ವರ್ಷವನ್ನು ಎಲ್ಲಿಯೂ ಅಚ್ಚೊತ್ತಿಲ್ಲವಾದುದರಿಂದ, ತಿಥಿವಾರಗಳನ್ನು ಹೇಳದ ಶಾಸನದ ಕಾಲವನ್ನು ಲಿಪಿಯ ಸ್ವರೂಪದಿಂದಲೇ ನಿರ್ಣಯಿಸುವ ವಿದ್ವಾಂಸನಂತೆ, ಪರೀಕ್ಷಕನು ಅಂಚು, ಬೆಸುಗೆ, ಬಣ್ಣ, ಪಟ್ಟಿ ಇವುಗಳನ್ನೇ ಓದಬೇಕಾಗುತ್ತದೆ.

1940ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಮೊದಲ ಪ್ರಯೋಗ ತುಕಡಿಯು ಧುಮುಕಲು ಕಲಿತಾಗ, ಆ ಭಟರ ತಲೆಗೆ ರಕ್ಷಣೆಯಾಗಿದ್ದುದು ಅಮೆರಿಕದ ಫುಟ್‌ಬಾಲ್ ಆಟಗಾರರು ತೊಡುವ ಬಗೆಯ ಟೋಪಿ. ಮರುವರ್ಷ ಅಂಗೀಕೃತವಾದ ಎಂ-1 ಶಿರಸ್ತ್ರಾಣವು ಎರಡು ಭಾಗಗಳದು: ಹೊರಗೆ ಮ್ಯಾಂಗನೀಸ್ ಉಕ್ಕಿನ ಚಿಪ್ಪು, ಒಳಗೆ ಹಗುರವಾದ ಒಳಟೋಪಿ. ಛತ್ರಿಯು ಬಿಚ್ಚಿಕೊಳ್ಳುವ ಕ್ಷಣದ ಸೆಳೆತಕ್ಕೆ ಇವೆರಡೂ ಬೇರೆಬೇರೆಯಾಗಿ ಹಾರಿಹೋಗುವ ಸಂಭವವಿದ್ದುದರಿಂದ, 1942ರಲ್ಲಿ ಎಂ-2 ಎಂಬ ವಿಶೇಷ ರೂಪವನ್ನು ಸಿದ್ಧಪಡಿಸಿದರು. ಒಳಟೋಪಿಯ ಎರಡು ಪಕ್ಕಗಳಿಗೂ ಇಂಗ್ಲಿಷಿನ ಎ ಅಕ್ಷರದಂತೆ ಕವಲೊಡೆದ ನೇಯ್ಗೆಯ ಪಟ್ಟಿಗಳನ್ನು ಜೋಡಿಸಿ, ಅವುಗಳಿಗೆ ಗಲ್ಲವನ್ನು ಹಿಡಿದುಕೊಳ್ಳುವ ತೊಗಲಿನ ಬಟ್ಟಲನ್ನು ಸಿಕ್ಕಿಸಿದರು. ಹೊರಚಿಪ್ಪಿನ ಪಟ್ಟಿಗೆ ಒಂದು ಒತ್ತುಗುಂಡಿಯನ್ನಿಟ್ಟು ಅದು ಒಳಟೋಪಿಯನ್ನು ಕಚ್ಚಿ ಹಿಡಿಯುವಂತೆ ಮಾಡಿದರು.

ಪರೀಕ್ಷಕನ ದೃಷ್ಟಿ ಮೊದಲು ಹೋಗಬೇಕಾದುದು ಚಿಪ್ಪಿನ ಇಕ್ಕೆಲಗಳಲ್ಲಿ ಪಟ್ಟಿಯನ್ನು ಹಿಡಿದಿರುವ ಕುಣಿಕೆಗಳ ಕಡೆಗೆ. ಎಂ-2ರಲ್ಲಿ ಅವು ಡಿ ಅಕ್ಷರದ ಆಕಾರದವು, ಅಲುಗಾಡದಂತೆ ಚಿಪ್ಪಿಗೆ ಬೆಸೆದಂಥವು. ಅದೇ ಅವುಗಳ ದೌರ್ಬಲ್ಯವೂ ಆಯಿತು: ಸೈನಿಕನು ಶಿರಸ್ತ್ರಾಣವನ್ನು ನೆಲದ ಮೇಲಿಟ್ಟು ಅದರ ಮೇಲೆ ಕುಳಿತರೂ ಸಾಕು, ಕುಣಿಕೆ ಬಗ್ಗಿ ಬೆಸುಗೆಯಿಂದ ಮುರಿದು ಬರುತ್ತಿತ್ತು. ಆ ಅನುಭವದಿಂದ ಅತ್ತಿತ್ತ ಮಡಿಸಬಲ್ಲ ಚತುರಸ್ರಾಕಾರದ ಕುಣಿಕೆಗಳುಳ್ಳ ಎಂ-1ಸಿ ರೂಪುಗೊಂಡು, 1945ರ ಜನವರಿಯಲ್ಲಿ ಪ್ರಮಾಣಿತ ಮಾದರಿಯೆಂದು ಅಂಗೀಕೃತವಾಯಿತು. ಮುರಿದ ಒಂದು ಕುಣಿಕೆಯ ಸ್ಥಳದಲ್ಲಿ ಒರಟಾಗಿ ಮರುಬೆಸುಗೆ ಹಾಕಿಸಿಕೊಂಡ ಎಂ-2ಗಳೂ ಉಳಿದಿವೆ. ನನ್ನ ಅಭಿಪ್ರಾಯದಲ್ಲಿ, ಬಳಕೆಯ ಗುರುತೊಂದೂ ಇಲ್ಲದ ಪ್ರತಿಗಿಂತ ಇಂಥವುಗಳೇ ಹೆಚ್ಚು ಗೌರವಾರ್ಹವಾದವು.

ಕುಣಿಕೆಯೊಂದನ್ನೇ ನಂಬುವುದು ವಿವೇಕವಲ್ಲ. ಏಕೆಂದರೆ ಸಾಮಾನ್ಯ ಪದಾತಿಯ ಚಿಪ್ಪಿಗೆ ಹೊಸ ಡಿ ಕುಣಿಕೆಗಳನ್ನು ಬೆಸೆದು ಛತ್ರೀಭಟನದೆಂದು ಮಾರುವ ವಂಚಕರು ಬಹುಕಾಲದಿಂದ ಇದ್ದಾರೆ. ಆದುದರಿಂದ ಅಂಚನ್ನು ಬೆರಳಿನಿಂದ ಸವರುತ್ತ ಹೋಗಬೇಕು. ಚಿಪ್ಪಿನ ಸುತ್ತ ಮಡಿಸಿದ ಲೋಹದ ಪಟ್ಟಿಯ ಎರಡು ತುದಿಗಳು ಎಲ್ಲಿಯಾದರೂ ಕೂಡಲೇಬೇಕಷ್ಟೆ; 1944ರ ಕೊನೆಯ ಭಾಗದವರೆಗೆ ಆ ಕೂಡಣೆಯು ಹಣೆಯ ನೇರಕ್ಕೆ, ಮುಂಭಾಗದಲ್ಲಿತ್ತು, ಅಲ್ಲಿಂದಾಚೆಗೆ ಹಿಂಭಾಗಕ್ಕೆ ಹೋಯಿತು. ಡಿ ಕುಣಿಕೆಯಿದ್ದು ಕೂಡಣೆ ಹಿಂದಿದ್ದರೆ, ಆ ವಸ್ತುವನ್ನು ಹೊಸದಾಗಿ ಕೂಡಿಸಿದ್ದೆಂದು ನಿಸ್ಸಂಶಯವಾಗಿ ಹೇಳಬಹುದು. ಮೊದಲಿನ ಅಂಚುಪಟ್ಟಿ ತುಕ್ಕು ಹಿಡಿಯದ ಉಕ್ಕಿನದಾದ್ದರಿಂದ ಅದರ ಮೇಲೆ ಬಣ್ಣ ನಿಲ್ಲದೆ ಸುಲಿದುಹೋಗಿ, ಬೆಳ್ಳಗೆ ಮಿನುಗುವ ಗೆರೆಯೊಂದು ಕಾಣಿಸುವುದುಂಟು.

ಮುಂಭಾಗದ ಅಂಚಿನ ಒಳಗೆ ಭೂತಗನ್ನಡಿ ಹಿಡಿದು ನೋಡಿದರೆ ಅಂಕೆಯೊಂದೂ, ಹಲವೊಮ್ಮೆ ಅದರ ಜೊತೆಗೆ ಅಕ್ಷರವೊಂದೂ ಕಾಣುತ್ತವೆ. ಉಕ್ಕನ್ನು ಕರಗಿಸಿದ ಎರಕದ ಸಂಖ್ಯೆ ಅದು. ಅಂಕೆ ಏರಿದಂತೆ ಕಾಲವೂ ಮುಂದೆ ಸರಿಯುವುದರಿಂದ, ಅಸಂಖ್ಯ ಶಿರಸ್ತ್ರಾಣಗಳನ್ನು ಹೋಲಿಸಿ ನೋಡಿದ ಸಂಗ್ರಾಹಕರು ಯಾವ ಅಂಕೆ ಯಾವ ತಿಂಗಳುಗಳ ಆಸುಪಾಸಿನದೆಂದು ಸರಣಿಗೊಳಿಸಿದ್ದಾರೆ. ಎಂ-2ರ ಚಿಪ್ಪುಗಳನ್ನು ಮಾಡಿದುದು ಡೆಟ್ರಾಯಿಟ್‌ನ ಮೆಕಾರ್ಡ್ ರೇಡಿಯೇಟರ್ ಕಂಪೆನಿ. ಅಂಕೆಯ ಬಳಿ ಎಸ್ ಅಕ್ಷರವೊಂದು ಪ್ರತ್ಯೇಕವಾಗಿದ್ದರೆ ಅದು ಸೇಂಟ್ ಲೂಯಿಸ್‌ನ ಶ್ಲೂಟರ್ ಕಾರ್ಖಾನೆಯ ಗುರುತು, ಎಂ-2ಕ್ಕೆ ಒಪ್ಪುವಂಥದಲ್ಲ.

ಹೊಳಪು ಕಾಣದಿರಲೆಂದು ಯುದ್ಧಕಾಲದಲ್ಲಿ ಹಸುರು ಬಣ್ಣಕ್ಕೆ ಪುಡಿಮಾಡಿದ ಬೆಂಡನ್ನು ಬೆರೆಸುತ್ತಿದ್ದರು. ಅನಂತರದ ದಶಕಗಳಲ್ಲಿ ಮತ್ತೆ ಬಳಿದ ಚಿಪ್ಪುಗಳಲ್ಲಿ ಮರಳು ಸೇರಿರುತ್ತದೆ. ಬೆಂಡಿನ ಕಣಗಳು ಉರುಟಾಗಿ ಮೃದುವಾಗಿಯೂ ಮರಳು ಉಪ್ಪುಕಾಗದದಂತೆ ಚುರುಕಾಗಿಯೂ ಬೆರಳಿಗೆ ತಾಗುತ್ತವೆ. ಒಳಟೋಪಿಯ ನೆತ್ತಿಯಲ್ಲಿ ಇನ್‌ಲ್ಯಾಂಡ್ ಅಥವಾ ವೆಸ್ಟಿಂಗ್‌ಹೌಸ್ ಸಂಸ್ಥೆಯ ಮುದ್ರೆ ಇರಬೇಕು. ಪಕ್ಕದ ಎ ಪಟ್ಟಿಗಳನ್ನು ಹಿಡಿದ ರಿವೆಟ್‌ಗಳು ಮೂಲದವೇ, ಈಚೆಗೆ ಕೊರೆದು ಹಾಕಿದವೇ ಎಂಬುದನ್ನು ರಂಧ್ರದ ಅಂಚಿನ ಬಣ್ಣವೇ ತಿಳಿಸಿಬಿಡುತ್ತದೆ.

ಕೊಳ್ಳುವವರ ಮನಸ್ಸನ್ನು ಎಲ್ಲಕ್ಕಿಂತ ಬೇಗ ಸೆಳೆಯುವ ಲಕ್ಷಣವೇ ಸಾಕ್ಷ್ಯವಾಗಿ ದುರ್ಬಲವಾದುದು. 101ನೆಯ ವಾಯುವಾಹಿತ ವಿಭಾಗದವರು ನಾರ್ಮಂಡಿಗೆ ಹೋಗುವ ಮುನ್ನ ಶಿರಸ್ತ್ರಾಣದ ಪಕ್ಕಗಳಲ್ಲಿ ಇಸ್ಪೀಟಿನ ಚಿಹ್ನೆಗಳನ್ನು ಬಿಳಿ ಬಣ್ಣದಲ್ಲಿ ಬರೆದರು: 506ನೆಯ ರೆಜಿಮೆಂಟಿಗೆ ಇಸ್ಪೀಟು, 502ಕ್ಕೆ ಆಟೀನು, 501ಕ್ಕೆ ಡೈಮನ್. ಇವುಗಳನ್ನು ಯಾರು ಬೇಕಾದರೂ ಒಂದು ಕುಂಚದಿಂದ ಬರೆಯಬಹುದಾದ್ದರಿಂದ, ಕುಣಿಕೆ, ಕೂಡಣೆ, ಎರಕದ ಅಂಕೆ, ಬಣ್ಣ, ಒಳಟೋಪಿ ಇವೆಲ್ಲ ಒಂದೇ ಕಾಲವನ್ನು ಹೇಳಿದ ಮೇಲೆ ಮಾತ್ರ ಆ ಚಿಹ್ನೆಯ ವಿಚಾರಕ್ಕೆ ಬರುವುದು ಯುಕ್ತ. ಆಗಲೂ ಬಿಳಿ ಬಣ್ಣದ ಮೇಲೆಯೂ ಸುತ್ತಣ ಹಸುರಿನ ಮೇಲೆಯೂ ಒಂದೇ ಗೀರು ಅವಿಚ್ಛಿನ್ನವಾಗಿ ಹಾಯ್ದಿದೆಯೇ ಎಂದು ಮೊದಲು ನೋಡಬೇಕು.