ಫ್ಲಾಶ್ ಟ್ರಿಗರ್: ಒಂದು ಮಿಲಿಸೆಕೆಂಡಿನ ಲೆಕ್ಕ

ವಾಲಿಬಾಲಿನಲ್ಲಿ ಬಲವಾದ ಸ್ಮ್ಯಾಶ್ ಬಿದ್ದರೆ ಚೆಂಡು ಗಂಟೆಗೆ 100 ಕಿ.ಮೀ. ವೇಗ ಮುಟ್ಟುವುದು ಅಪರೂಪವೇನಲ್ಲ. ಆ ವೇಗದಲ್ಲಿ 1/250 ಸೆಕೆಂಡ್ ಕಳೆಯುವಷ್ಟರಲ್ಲಿ ಅದು 11 ಸೆಂ.ಮೀ. ಮುಂದೆ ಹೋಗಿರುತ್ತದೆ. ಚೆಂಡಿನ ಅಗಲವೇ ಸುಮಾರು 21 ಸೆಂ.ಮೀ. ಇರುವಾಗ ಚಿತ್ರದಲ್ಲಿ ಉಳಿಯುವುದು ಮಸುಕು ಮಾತ್ರ. ನಮ್ಮೂರುಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಶಟರ್ ವೇಗವನ್ನು 1/1000ಕ್ಕೆ ಏರಿಸೋಣವೆಂದರೆ ಬೆಳಕು ಸಾಲದು. ಐಎಸ್‌ಒ ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ. ಅನುಮತಿ ಇದ್ದಲ್ಲಿ ಫ್ಲಾಶ್ ನೆರವಿಗೆ ಬರುವುದು ಇಲ್ಲೇ. ಸಣ್ಣ ಫ್ಲಾಶೊಂದನ್ನು 1/16 ಶಕ್ತಿಗೆ ಇಳಿಸಿದರೆ ಅದರ ಮಿಂಚು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸಿಗೆ ಬರುತ್ತದೆ. ಅಷ್ಟರಲ್ಲಿ ಅದೇ ಚೆಂಡು ಚಲಿಸುವುದು 3 ಮಿ.ಮೀ.ಗಿಂತ ಕಡಿಮೆ.

ಚಲನೆಯನ್ನು ಹಿಡಿದು ನಿಲ್ಲಿಸುವ ಈ ಕೆಲಸವನ್ನು ಬೆಳಕಿಗೇ ಒಪ್ಪಿಸಬಹುದು ಎಂದು ತೋರಿಸಿಕೊಟ್ಟವರು ಅಮೆರಿಕದ ಎಂಐಟಿಯಲ್ಲಿದ್ದ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್. 1930ರ ದಶಕದಲ್ಲಿ ಅವರು ತೆಗೆದ, ಕಾಲಿನ ಒದೆತಕ್ಕೆ ಒಳಗೆ ತಗ್ಗಿದ ಫುಟ್‌ಬಾಲಿನ ಚಿತ್ರ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಫ್ಲಾಶ್ ಕ್ಯಾಮೆರಾದ ಮೇಲೆಯೇ ಕುಳಿತರೆ ಆಟಗಾರರು ಚಪ್ಪಟೆಯಾಗಿ ಕಾಣುತ್ತಾರೆ. ಆದ್ದರಿಂದ ಅದನ್ನು ಅಂಕಣದ ಮೂಲೆಗಳಲ್ಲಿ ಎತ್ತರಕ್ಕೆ ಕಟ್ಟುತ್ತಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಒಳಾಂಗಣಗಳಲ್ಲಿ ಚಾವಣಿಗೇ ದೊಡ್ಡ ಫ್ಲಾಶ್‌ಗಳನ್ನು ಬಿಗಿದಿರುತ್ತಾರೆ. ಅಷ್ಟು ದೂರಕ್ಕೆ 'ಈಗ ಮಿಂಚು' ಎಂಬ ಸುದ್ದಿ ಮುಟ್ಟಿಸುವ ಪುಟ್ಟ ರೇಡಿಯೊ ಸಾಧನವೇ ಟ್ರಿಗರ್. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಮೀಟರ್ ಲೆಕ್ಕವನ್ನೇ ನೋಡಿ ಕೊಳ್ಳುವವರು ಬಹಳ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ಅಂಕಿ.

ಕಾರಣ ಶಟರಿನ ರಚನೆಯಲ್ಲಿದೆ. ಸೆನ್ಸರಿನ ಮುಂದೆ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಅದನ್ನೇ ಹಿಂಬಾಲಿಸಿ ಮುಚ್ಚುತ್ತದೆ. ಒಂದೊಂದು ಪರದೆಗೂ ಈ ದಾರಿ ಸವೆಸಲು ಸುಮಾರು 3 ಮಿಲಿಸೆಕೆಂಡ್ ಬೇಕು. 1/250 ಎಂದರೆ 4 ಮಿಲಿಸೆಕೆಂಡ್. ಹಾಗಾಗಿ ಇಡೀ ಸೆನ್ಸರ್ ಒಟ್ಟಿಗೆ ತೆರೆದಿರುವುದು ಹೆಚ್ಚೆಂದರೆ ಒಂದು ಮಿಲಿಸೆಕೆಂಡ್. ಮಿಂಚು ಅಷ್ಟರೊಳಗೇ ಬಂದು ಮುಗಿಯಬೇಕು. ತಡವಾದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಅನೇಕ ಕ್ಯಾಮೆರಾಗಳು ಫ್ಲಾಶ್ ಜೊತೆ 1/200 ಅಥವಾ 1/250ರ ಗಡಿ ಹಾಕಿಕೊಂಡಿರುವುದು ಇದಕ್ಕೇ.

ತಡ ಹುಟ್ಟುವುದು ಗಾಳಿಯಲ್ಲಲ್ಲ. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಓಡುತ್ತದೆ. ಕ್ರೀಡಾಂಗಣದ ಉದ್ದ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಟ್ರಾನ್ಸ್‌ಮಿಟರ್ ತನ್ನ ಚಾನೆಲ್ ಸಂಖ್ಯೆಯನ್ನು ಸಂಕೇತವಾಗಿಸಿ ಕಳಿಸಬೇಕು, ರಿಸೀವರ್ ಅದನ್ನು ಓದಿ 'ಇದು ನನಗೇ' ಎಂದು ಖಚಿತಪಡಿಸಿಕೊಳ್ಳಬೇಕು. ಸಮಯ ತಿನ್ನುವುದು ಈ ಓದು ಬರಹ. ಅಗ್ಗದ ಸಾಧನಗಳಲ್ಲಿ ತಡ ಒಂದೊಂದು ಸಲ ಒಂದೊಂದು ಬಗೆ, ಅದು ಇನ್ನೂ ಕೆಟ್ಟದ್ದು. ಸದಾ ಒಂದೇ ಅಳತೆಯ ತಡವಿದ್ದರೆ ಶಟರ್ ವೇಗವನ್ನು ಒಂದು ಮೆಟ್ಟಿಲು ಇಳಿಸಿ ಹೊಂದಿಸಿಕೊಳ್ಳಬಹುದು.

'ಹೈ ಸ್ಪೀಡ್ ಸಿಂಕ್' ಎಂಬ ಸೌಲಭ್ಯ ಈ ಗಡಿ ದಾಟಿಸುತ್ತದೆ, ನಿಜ. ಆದರೆ ಅಲ್ಲಿ ಫ್ಲಾಶ್ ಒಂದೇ ಸಲ ಸಿಡಿಯದೆ, ಪರದೆಗಳು ಸರಿಯುವಷ್ಟು ಹೊತ್ತೂ ಬಿಡದೆ ಮಿನುಗುತ್ತದೆ. ಬೆಳಕಿನ ಬಹುಪಾಲು ಪರದೆಗೇ ಬಡಿದು ವ್ಯರ್ಥ. ದೂರದ ಮೂಲೆಯಿಂದ ಅಂಕಣದ ನಡುವಿಗೆ ಬೆಳಕು ಮುಟ್ಟಿಸಬೇಕಾದವರಿಗೆ ಅದು ತೀರಾ ದುಬಾರಿ ಬಾಬತ್ತು.

ಇನ್ನು ಸಂತೆ ಗದ್ದಲ. ಇಂದಿನ ಬಹುತೇಕ ಟ್ರಿಗರ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ವೈಫೈ, ಬ್ಲೂಟೂತ್ ಕೂಡ ಅಲ್ಲೇ. ಮೇಲಾಗಿ ನೀರು ಈ ಅಲೆಗಳನ್ನು ಹೀರುತ್ತದೆ, ಮನುಷ್ಯನ ದೇಹವೋ ಬಹುಪಾಲು ನೀರೇ. ಖಾಲಿ ಮೈದಾನದಲ್ಲಿ ಚೆನ್ನಾಗಿ ಓಡಿದ ಟ್ರಿಗರ್ ಫೈನಲ್ ದಿನ ಜನ ತುಂಬಿದಾಗ ಕೈಕೊಡುವುದು ಇದರಿಂದಲೇ. ರಿಸೀವರನ್ನು ಜನರ ತಲೆಗಿಂತ ಮೇಲೆ, ಕಬ್ಬಿಣದ ಕಂಬಕ್ಕೆ ತಾಗದಂತೆ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಚಾನೆಲ್ ಜೊತೆಗೆ ಪ್ರತ್ಯೇಕ ಗುರುತು ಸಂಖ್ಯೆಯೂ ಇರುವ ಮಾದರಿ ಕೊಳ್ಳಿ, ಇಲ್ಲವಾದರೆ ಪಕ್ಕದ ಛಾಯಾಗ್ರಾಹಕರ ಗುಂಡಿಗೆ ನಿಮ್ಮ ಫ್ಲಾಶ್ ಮಿಂಚೀತು. ಬೇರೆ ಫ್ಲಾಶಿನ ಬೆಳಕು ಕಂಡು ಮಿಂಚುವ ಆಪ್ಟಿಕಲ್ ಸ್ಲೇವ್ ಅಂತೂ ಕ್ರೀಡಾಂಗಣಕ್ಕೆ ಬೇಡವೇ ಬೇಡ.

2023ರಲ್ಲಿ ಸೋನಿ ಪ್ರಕಟಿಸಿದ ಎ9 III ಕ್ಯಾಮೆರಾದಲ್ಲಿ ಪರದೆಯ ಗೊಡವೆಯೇ ಇಲ್ಲ. ಇಡೀ ಸೆನ್ಸರ್ ಒಂದೇ ಕ್ಷಣಕ್ಕೆ ತೆರೆದು ಮುಚ್ಚುತ್ತದೆ. ಫ್ಲಾಶ್ ಜೊತೆ 1/80,000ವರೆಗೂ ಹೋಗಬಹುದು. ಆಗ ತೆರೆದಿರುವ ಅವಧಿ ಮಿಲಿಸೆಕೆಂಡಿನ 80ರಲ್ಲೊಂದು ಪಾಲು ಮಾತ್ರ, ಹಾಗಾಗಿ ಟ್ರಿಗರಿನ ಸಮಯಪಾಲನೆ ಇನ್ನಷ್ಟು ಬಿಗಿಯಾಗಬೇಕಾಗುತ್ತದೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಿ. ಬಿಳಿ ಗೋಡೆಯ ಮುಂದೆ, ಕ್ಯಾಮೆರಾದ ಸಿಂಕ್ ಗಡಿಯಲ್ಲೇ ನೂರು ಚಿತ್ರ ತೆಗೆದು ನೋಡಿ. ಒಂದರಲ್ಲಾದರೂ ಅಂಚು ಕಪ್ಪಾಗಿದ್ದರೆ ಅಥವಾ ಫ್ಲಾಶ್ ಮಿಂಚದೆ ಉಳಿದಿದ್ದರೆ ವಾಪಸ್ ಕೊಡಿ. ಕೊಂಡ ಮೇಲೆಯೂ ಆಯೋಜಕರನ್ನು ಕೇಳದೆ ಬಳಸಬೇಡಿ: ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್, ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ಫ್ಲಾಶಿಗೆ ಅವಕಾಶವೇ ಇಲ್ಲ.